ಹಪ್ಪಳದ ತಾರಸಿಗೆ ಸೋಲಾರ್ ಬಂದ ಮೇಲೆ

ನಮ್ಮ ಮನೆಯ ತಾರಸಿ ಅತ್ತೆಯದು. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಹಲಸಿನ ಹಪ್ಪಳ, ಬೇಯಿಸಿದ ಹಲಸಿನ ಬೀಜದ ಸಾಂತಾಣಿ, ಪುನರ್ಪುಳಿ (ಕೋಕಂ) ಸಿಪ್ಪೆ ಒಣಗುತ್ತವೆ, ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿ ಸೋಲಾರ್ ಹಾಕಿಸುವ ಮಾತು ಬಂದಾಗ ಅವರು ಕೇಳಿದ್ದು ಒಂದೇ: "ನನ್ನ ಹಪ್ಪಳಕ್ಕೆ ಬಿಸಿಲು ಎಲ್ಲಿ?"

ಸೋಲಾರ್ ಎಂಬುದು ನಮ್ಮೂರಿಗೆ ಹೊಸದಲ್ಲ. ಕಾಸರಗೋಡು ಜಿಲ್ಲೆಯ ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳಲ್ಲಿ 250 ಎಕರೆಯಷ್ಟು ಜಾಗದಲ್ಲಿ ಹರಡಿರುವ 50 ಮೆಗಾವ್ಯಾಟಿನ ಸ್ಥಾವರ 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಶಾಲೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ಸಾಲುಗಳನ್ನು ಕಂಡಾಗಲೆಲ್ಲ ನಮ್ಮ ಮನೆಗೂ ಇಷ್ಟೇ ಬಿಸಿಲು ಬೀಳುತ್ತದಲ್ಲ ಎನಿಸುತ್ತಿತ್ತು. 2024ರಲ್ಲಿ ಮನೆ ತಾರಸಿಯ ಸೋಲಾರಿಗೆಂದು ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆ ಬಂದು, 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಎಂದು ಗೊತ್ತಾದ ಮೇಲೆ ಧೈರ್ಯ ಮಾಡಿದೆವು.

540 ವ್ಯಾಟಿನ ಆರು ಫಲಕಗಳು. ಕಂಬಗಳನ್ನು ಆಳೆತ್ತರಕ್ಕಿಂತ ಮೇಲಕ್ಕೆ ಎಬ್ಬಿಸಿ, ತೆಂಕು ದಿಕ್ಕಿಗೆ ತುಸು ಓರೆಯಾಗಿ, ತಾರಸಿಯ ಪಡುವಣ ಅರ್ಧದಲ್ಲಿ ಕೂರಿಸಿದರು. ಮೂಡಣ ಅರ್ಧ ಹಪ್ಪಳಕ್ಕೆ ಉಳಿಯಿತು. ಅತ್ತೆ ಚಾಪೆ ಹಾಸಿ ಅಳೆದು ನೋಡಿಯೇ ಒಪ್ಪಿದರು.

ಗುತ್ತಿಗೆದಾರರು ಹೇಳದೆ ಬಿಟ್ಟ ಒಂದು ಸಂಗತಿ ಮೇ ತಿಂಗಳಲ್ಲಿ ತಿಳಿಯಿತು. ಹನ್ನೊಂದು ಗಂಟೆ, ಕಣ್ಣು ಕುಕ್ಕುವ ಬಿಸಿಲು. ಬೇಯಿಸಿದ ಹಲಸಿನ ಸೊಳೆ ಗ್ರೈಂಡರಿನಲ್ಲಿ ಅರ್ಧ ಅರೆದಿತ್ತು. ಕರೆಂಟು ಹೋಯಿತು. ಫಲಕಗಳ ಮೇಲೆ ಸೂರ್ಯ ಉರಿಯುತ್ತಿದ್ದಾನೆ, ಕೆಳಗೆ ಗ್ರೈಂಡರ್ ತಿರುಗುವುದಿಲ್ಲ! ನನಗೆ ಅಳು ಬರುವಷ್ಟು ಸಿಟ್ಟು. ಇಷ್ಟು ಹಣ ಸುರಿದದ್ದು ಯಾಕೆ?

ಗೇಟಿನ ಹೊರಗೆ ಲೈನ್‌ಮ್ಯಾನ್ ಕಂಬ ಹತ್ತಿದ್ದ. ಮಳೆಗಾಲಕ್ಕೆ ಮೊದಲು ತಂತಿಗೆ ತಾಗುವ ಕೊಂಬೆಗಳನ್ನು ಕಡಿಯುವ ಕೆಲಸ. ಇಳಿದ ಮೇಲೆ ಮಜ್ಜಿಗೆ ಕೊಟ್ಟು ಕೇಳಿದೆ. ಅವನು ತುಳುವಿನಲ್ಲಿ ಹೇಳಿದ್ದು ಇಷ್ಟು: "ಟೀಚರ್, ನಿಮ್ಮ ಮಾಡಿನ ಕರೆಂಟು ನಿಲ್ಲದಿದ್ದರೆ ಅದು ಇದೇ ತಂತಿಗೆ ಬರುತ್ತದೆ. ನಾನು ಹಿಡಿದಿದ್ದದ್ದು ಈ ತಂತಿಯನ್ನೇ."

ನನ್ನ ಸಿಟ್ಟು ಅಲ್ಲೇ ಇಳಿಯಿತು. ಬ್ಯಾಟರಿ ಇಲ್ಲದ ನಮ್ಮಂಥ ವ್ಯವಸ್ಥೆಯಲ್ಲಿ, ಫಲಕದ ಕರೆಂಟನ್ನು ಮನೆಬಳಕೆಗೆ ಹೊಂದಿಸಿಕೊಡುವ ಇನ್ವರ್ಟರ್ ಹೊರಗಿನ ಲೈನಿನ ಜೊತೆಗೇ ನಡೆಯುತ್ತದೆ. ಲೈನು ಸತ್ತ ಕೂಡಲೇ ತಾನೂ ನಿಲ್ಲುವಂತೆ ಅದನ್ನು ಮಾಡಿಟ್ಟಿರುತ್ತಾರೆ. ಹಾಕಿಸುವ ಮೊದಲೇ ಇದನ್ನು ಪ್ರತಿಯೊಬ್ಬರಿಗೂ ಹೇಳಬೇಕು. ಆವತ್ತು ಉಳಿದ ಸೊಳೆಯನ್ನು ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿದೆವು. ಸೋಲಾರಿಗೆ ಸೇರದ ಹಳೆಯ ಬ್ಯಾಟರಿಯನ್ನು ಎರಡು ದೀಪ, ಒಂದು ಫ್ಯಾನಿಗೆಂದು ಹಾಗೆಯೇ ಇಟ್ಟುಕೊಂಡಿದ್ದೇವೆ.

ನಾನು ತಿಳಿದುಕೊಂಡಿದ್ದ ಇನ್ನೊಂದು ಲೆಕ್ಕವೂ ತಪ್ಪಿತು. ಬಿಸಿಲು ಸುಟ್ಟಷ್ಟೂ ಕರೆಂಟು ಹೆಚ್ಚು ಎಂದುಕೊಂಡಿದ್ದೆ. ಫಲಕಕ್ಕೆ ಬೇಕಾದದ್ದು ಬೆಳಕು, ಸೆಕೆಯಲ್ಲ. 25 ಡಿಗ್ರಿಯ ಮೇಲೆ ಅದು ಕಾದಂತೆಲ್ಲ ಡಿಗ್ರಿಗೆ ಶೇಕಡಾ 0.3ರಿಂದ 0.4ರಷ್ಟು ಶಕ್ತಿ ಇಳಿಯುತ್ತದೆ. ಹಾಗಾಗಿ ನಮ್ಮಲ್ಲಿ ದಿನಕ್ಕೆ 14 ಯೂನಿಟ್ ದಾಟಿದ್ದು ಮೇ ತಿಂಗಳಲ್ಲಲ್ಲ, ಗಾಳಿಯಾಡುವ ಫೆಬ್ರವರಿಯಲ್ಲಿ. ಆಟಿ ತಿಂಗಳ (ಜುಲೈ–ಆಗಸ್ಟ್) ಜಡಿಮಳೆಯಲ್ಲಿ ಮೂರೋ ನಾಲ್ಕೋ ಯೂನಿಟ್ ಬಂದರೆ ಅದೇ ಹೆಚ್ಚು.

ಹಪ್ಪಳವಿದ್ದಲ್ಲಿ ಕಾಗೆ ಇದ್ದೇ ಇರುತ್ತದೆ. ಅತ್ತೆ ಕಪ್ಪು ಕೊಡೆ ಬಿಡಿಸಿಟ್ಟರೆ ಕಾಗೆಗಳು ಚಾಪೆ ಬಿಟ್ಟು ಫಲಕದ ಅಂಚಿನಲ್ಲಿ ಕೂರುತ್ತವೆ. ಹಿಕ್ಕೆ ಗಟ್ಟಿಯಾಗಿ ಅಂಟಿದರೆ ಆ ಒಂದು ತುಂಡು ನೆರಳು ಇಡೀ ಫಲಕದ ದುಡಿಮೆಯನ್ನು ಕಡಿಮೆ ಮಾಡುತ್ತದೆ. ವಾರಕ್ಕೊಮ್ಮೆ, ಬಿಸಿಲೇರುವ ಮೊದಲು ತೊಳೆಯುತ್ತೇನೆ. ಕಾದ ಗಾಜಿಗೆ ತಣ್ಣೀರು ಸುರಿಯಬಾರದು. ಬೋರ್‌ವೆಲ್ ನೀರು ಬಿಳಿ ಕಲೆ ಬಿಡುತ್ತಿತ್ತು. ಈಗ ಗುಡ್ಡದ ಸುರಂಗದ ನೀರನ್ನೇ ಬಳಸುತ್ತೇನೆ. ಮಾವನ ತಂದೆಯ ಕಾಲದಲ್ಲಿ ನೀರಿಗೆಂದು ಗುಡ್ಡಕ್ಕೆ ಅಡ್ಡವಾಗಿ ತೋಡಿದ ಸುರಂಗ ಅದು, ಇಂದಿಗೂ ಬತ್ತಿಲ್ಲ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅತ್ತೆ ಒತ್ತಿದ ಹಪ್ಪಳದ ಲೆಕ್ಕ ಬರೆದಿಡುವುದು ಹಳೆಯ ಕ್ರಮ. ಈಗ ಸಂಜೆ ನನ್ನನ್ನು ಕರೆದು, "ಇವತ್ತು ಎಷ್ಟು ಯೂನಿಟ್?" ಎಂದು ಕೇಳಿ ಅದನ್ನೂ ಅದೇ ಚೌಕದಲ್ಲಿ ಬರೆಯುತ್ತಾರೆ. ನಿನ್ನೆಯ ಚೌಕದಲ್ಲಿ ಹೀಗಿದೆ: ಹಪ್ಪಳ 120, ಕರೆಂಟು 12.