ಬೇಗೂರಿನ ಕಲ್ಲು, ನನ್ನ ನೋಟ್‌ಬುಕ್ಕು

ಇವತ್ತು ಬೆಳಗ್ಗೆನೇ ಮತ್ತೆ ಬೇಗೂರಿಗೆ ಹೋಗಿದ್ದೆ, ಸುಮಾರು ಕ್ರಿ.ಶ. 890ರ ಶಾಸನ ಇದ್ಯಲ್ಲ, ಬೆಂಗಳೂರಿನ ಕಾಳಗದ ಮಾತು ಬರೋದು, ಅದನ್ನ ನೋಡೋಕೆ. ಶಾಸನಗಳ ಬಗ್ಗೆ ಬರಿಯೋಕೆ ಶುರು ಮಾಡ್ದಾಗ ಒಂದು ಫೋಟೋ, ನಾಲ್ಕು ಸಾಲು, ಅಷ್ಟೇ ಹಾಕ್ತಿದ್ದೆ, ಹಳೇ ಲಿಪಿ ಒಂದಕ್ಷರಾನೂ ಗೊತ್ತಿರ್ಲಿಲ್ಲ. ಆಮೇಲೆ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ 9ನೇ ಸಂಪುಟದ ಪಿಡಿಎಫ್ ಮೊಬೈಲಲ್ಲಿ ಇಟ್ಕೊಂಡು ಅಕ್ಷರಕ್ಕೆ ಅಕ್ಷರ ಹೋಲಿಸ್ತಾ ಕೂತ್ಕೊಂಡೆ.

ಆದ್ರೆ ನಿಜವಾಗ್ಲೂ ಕಣ್ಣು ತೆರೆಸಿದ್ದು ಶಾಸನ ಹುಡ್ಕೊಂಡು ಓಡಾಡೋ ಗೆಳೆಯರು. ಒಬ್ಬ ಹಿರಿಯರು, "ಮಧ್ಯಾಹ್ನ ಬರ್ಬೇಡಪ್ಪ, ಬೆಳಗ್ಗೆ ಓರೆ ಬಿಸಿಲಲ್ಲಿ ನೋಡು" ಅಂದ್ರು. ಹೌದು, ಸವೆದೇ ಹೋಗಿದೆ ಅಂದ್ಕೊಂಡಿದ್ದ ಸಾಲು ನೆರಳು ತುಂಬ್ಕೊಂಡು ಎದ್ದು ಕಾಣ್ಸ್ತು, ಮೈ ಜುಮ್ ಅಂತು ನಂಗೆ.

ಈಗ ಊರು, ತಾರೀಖು, ಸಂಪುಟ, ಶಾಸನದ ನಂಬರು ಎಲ್ಲಾ ನೋಟ್‌ಬುಕ್ಕಲ್ಲಿ ಬರೀತೀನಿ, ಫೋಟೋ ಫೈಲಿಗೂ ಅದೇ ನಂಬರು. ಹಿಂದೆ ಹೀಗೆ ಮಾಡ್ದೆ ಎಷ್ಟೋ ವೀರಗಲ್ಲಿನ ಫೋಟೋ ಯಾವೂರದ್ದು ಅಂತಾನೇ ಗೊತ್ತಾಗ್ದೆ ಉಳ್ಕೊಂಡಿವೆ, ಅದು ಈಗ್ಲೂ ಹೊಟ್ಟೆ ಉರಿಯುತ್ತೆ.

ನಾಳೆ ಹೆಬ್ಬಾಳದ ಕಿತ್ತಯ್ಯ ಅನ್ನೋ ವೀರನ ಶಾಸನದ ಬಗ್ಗೆ ಬರಿಯೋಕೆ ಕೂರ್ಬೇಕು.