ಎರಕೊಳ್ಳುವ ದಿನದ ಚಾ ನೀರು

ಹುಬ್ಬಳ್ಳಿ-ಧಾರವಾಡದ ಬಹಳ ಮನೆಗಳಲ್ಲಿ ಎರಡು ನಮೂನೆ ನೀರು: ಮಲಪ್ರಭೆಯ ನಳದ ನೀರು, ಬೋರಿನ ಸವಳು ನೀರು. ತಲೆ ತೊಳೆದ ಮೇಲೆ ಕೂದಲಿಗೆ ಸುರಿಯುವ ಚಾ ಕೆಡುವುದು ಹೆಚ್ಚಾಗಿ ಈ ಸವಳು ನೀರಿನಿಂದಲೇ. ಸವಳು ನೀರಲ್ಲಿ ಕಾಸಿದರೆ ಮೇಲೆ ಕಂದು ಪದರು ಕಟ್ಟುತ್ತದೆ, ಕೂದಲು ಒಣಗಿದ ಮೇಲೆ ಒರಟಾಗುತ್ತದೆ. ಬೈಗುಳ ಮಾತ್ರ ಚಾಪುಡಿಗೆ.

ರವಿವಾರ ಎರಕೊಳ್ಳುವುದಿದ್ದರೆ ಶನಿವಾರ ರಾತ್ರಿಯೇ ಒಂದು ಲೀಟರ್ ನಳದ ನೀರು ಹಿಡಿದಿಡಿ. ನಳ ಬಂದಿಲ್ಲವೇ? ಬೋರಿನ ನೀರನ್ನೇ ಹತ್ತು ನಿಮಿಷ ಕುದಿಸಿ ಆರಲು ಬಿಡಿ. ಸುಣ್ಣದಂಶ ತಳಕ್ಕೆ ಕೂತ ಮೇಲೆ ತಿಳಿನೀರನ್ನಷ್ಟೇ ಬಸಿದುಕೊಳ್ಳಿ. ಗಡಸು ಪೂರ್ತಿ ಹೋಗದು, ಒಂದಷ್ಟು ಇಳಿಯುತ್ತದೆ.

ಬೆಳಿಗ್ಗೆ ಸ್ಟೀಲ್ ಪಾತೇಲಿಯಲ್ಲಿ ಆ ನೀರು ಕುದಿ ಬಂದೊಡನೆ ಒಲೆ ಆರಿಸಿ, ಎರಡು ಚಮಚ ಚಾಪುಡಿ ಹಾಕಿ ಹದಿನೈದು ನಿಮಿಷ ಮುಚ್ಚಿಡಿ. ಮಸಾಲೆ ಚಾಪುಡಿ ಬೇಡ. ಕಬ್ಬಿಣದ ಕಡಾಯಿಯಂತೂ ಬೇಡವೇ ಬೇಡ: ಚಾದ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ, ಕಲೆ ಟವೆಲ್ಲಿನಿಂದ ಬಿಡುವುದಿಲ್ಲ. ಎರಡು ಚಮಚಕ್ಕಿಂತ ಹೆಚ್ಚು ಹಾಕಿದರೆ ಬಣ್ಣ ಗಾಢವಾದೀತು, ಕೂದಲೂ ಒಣಗೀತು. ಹಳೆ ಧೋತರದ ತುಂಡಿನಲ್ಲಿ ಎರಡು ಸಲ ಸೋಸಿ. ಸಣ್ಣ ಪುಡಿ ಕೂದಲೊಳಗೆ ಸೇರಿದರೆ ಬಾಚಣಿಕೆಗೆ ಬರುತ್ತಲೇ ಇರುತ್ತದೆ.

ಚಾ ಬದಲು ದಾಸವಾಳ ಹಾಕುವುದಾದರೆ ಲೆಕ್ಕ ಬೇರೆ. ಎಲೆ ಕುದಿಸಬಾರದು. ತಣ್ಣೀರಲ್ಲಿ ಕಿವುಚಿ ಲೋಳೆ ತೆಗೆದರೆ ಸಾಕು. ಕೆಂಪು ಹೂವಾದರೆ ಐದಾರು, ಅರ್ಧ ಲೀಟರ್ ಬಿಸಿನೀರಿಗೆ. ಈ ಹೂವು ನೀರಿನ ಗುಣವನ್ನೂ ಹೇಳಿಬಿಡುತ್ತದೆ: ಬೋರಿನ ನೀರಲ್ಲಿ ಬಣ್ಣ ನೇರಳೆಗೆ ತಿರುಗಿದರೆ ನೀರು ಕ್ಷಾರದ್ದೆಂದು ತಿಳಿಯಿರಿ. ಅರ್ಧ ಚಮಚ ನಿಂಬೆರಸ ಬಿಟ್ಟರೆ ಗುಲಾಬಿ ಬಣ್ಣ ಬರುತ್ತದೆ. ಅಷ್ಟೇ ಸಾಕು, ಇನ್ನೂ ಹಿಂಡಿದರೆ ತಲೆ ಉರಿಯುತ್ತದೆ.

ಸೀಗೆಕಾಯಿಯೋ ಶಾಂಪೂವೋ ತೊಳೆದಾದ ಮೇಲೆ ಕೂದಲು ಹಿಂಡಿ, ಕೆಳಗೆ ಬೋಗುಣಿ ಇಟ್ಟು ಆರಿದ ಚಾ ಇಲ್ಲವೇ ದಾಸವಾಳದ ನೀರು ಸುರಿಯಿರಿ. ಬಿದ್ದದ್ದನ್ನೇ ಎತ್ತಿ ಮೂರು ನಾಲ್ಕು ಸಲ ಹಾಕಿ. ಹತ್ತು ನಿಮಿಷ ಬಿಟ್ಟು ಒಂದೆರಡು ತಂಬಿಗೆ ಬರೇ ನೀರು, ಅದೂ ನಳದ್ದು. ಕೊನೆಗೆ ಬೋರಿನ ನೀರು ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ.

ಬಿಳಿ ಕೂದಲಿಗೆ ತುಸು ಕಂದು ಛಾಯೆ ಬರಬಹುದು, ಅದೂ ಒಂದೆರಡು ಸಲ ತೊಳೆದರೆ ಹೋಗುತ್ತದೆ. ಇದರಿಂದ ಹೊಸ ಕೂದಲು ಹುಟ್ಟುತ್ತದೆ ಅನ್ನುವುದನ್ನು ನಂಬಬೇಡಿ. ನೆತ್ತಿಯಲ್ಲಿ ಗಾಯವಿದ್ದರೆ ಹಾಕಬೇಡಿ. ಹೊಸ ಸೊಪ್ಪಾದರೆ ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ನೋಡಿ. ಉಳಿದದ್ದು ಫ್ರಿಜ್ಜಿನಲ್ಲಿ ಎರಡು ದಿನ ಇದ್ದೀತು. ಹೊರಗಿಟ್ಟರೆ ಏಪ್ರಿಲ್ ಸೆಕೆಗೆ ಸಂಜೆಯೊಳಗೆ ಹುಳಿ ವಾಸನೆ, ಚೆಲ್ಲುವುದೇ.