ಗೋಡೆ ಮುಟ್ಟಿದ ಮೇಲಿನ ಕೆಲಸ

ಈಜು ಸ್ಪರ್ಧೆಯಲ್ಲಿ ಈಜುವವರು ಕೊಳದ ಗೋಡೆ ಮುಟ್ಟಿದ ಕೂಡಲೇ ಎಲ್ಲರ ಕಣ್ಣೂ ಅವರ ಮೇಲೆ. ನನ್ನ ಕಣ್ಣು ಮಾತ್ರ ಲೇನ್ ಹಿಂದೆ ವಾಚ್ ಹಿಡಿದು ನಿಂತವರ ಕಡೆ ಹೋಗುತ್ತದೆ. ಅವರು ಬರೆದುಕೊಂಡ ಅಂಕಿ ಸರಿಯಿದ್ದರೆ ಮಾತ್ರ ಆ ಮಗು ಪಟ್ಟ ಕಷ್ಟಕ್ಕೆ ಬೆಲೆ. ನಾನು ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರ್ ನೋಡಿಕೊಂಡವಳು. ಒಂದು ರೂಪಾಯಿ ಹೆಚ್ಚುಕಮ್ಮಿ ಇದ್ದರೂ ಸಂಜೆ ಎದ್ದು ಹೋಗುವ ಹಾಗಿರಲಿಲ್ಲ. ಈಜುಕೊಳದ ಲೆಕ್ಕವೂ ಹಾಗೇ.

ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿ. ವಿಶ್ವವಿದ್ಯಾನಿಲಯದ ಈಜುಕೊಳಕ್ಕೆ ನಡೆದೇ ಹೋಗಬಹುದು. ಮಗಳನ್ನು ಅಲ್ಲಿಗೆ ಸೇರಿಸಿದ್ದೆ. ಒಂದು ಮೀಟ್‌ನಲ್ಲಿ, ಅಂದರೆ ಈಜು ಸ್ಪರ್ಧೆಯಲ್ಲಿ, ಟೈಮ್‌ಕೀಪರ್‌ಗಳು ಕಡಿಮೆ ಬಿದ್ದರು. ಕೋಚ್ ಬಂದು, "ಮೇಡಂ, ಸ್ವಲ್ಪ ಈ ವಾಚ್ ಹಿಡೀತೀರಾ?" ಅಂದರು. ಮಗಳು ಕಾಲೇಜಿಗೆ ಹೋದಾಗ ಈಜು ಬಿಟ್ಟಳು, ನಾನು ಬಿಡಲಿಲ್ಲ. ನಿಯಮಗಳ ಪುಸ್ತಕ ಓದಿದೆ, ಪರೀಕ್ಷೆ ಬರೆದೆ. ಮೊದಲು ಟರ್ನ್ (ಗೋಡೆ ಮುಟ್ಟಿ ತಿರುಗುವುದು) ನೋಡುವ ಕೆಲಸ, ಆಮೇಲೆ ಸ್ಟಾರ್ಟರ್, ಆಮೇಲೆ ರೆಫರಿ. ಎಂಟ್ರಿ ತೆಗೆದುಕೊಳ್ಳುವುದು, ವಯಸ್ಸಿನ ದಾಖಲೆ ನೋಡುವುದು, ಹೀಟ್ಸ್ (ಒಟ್ಟಿಗೆ ಈಜುವ ಗುಂಪುಗಳು) ಪಟ್ಟಿ ಮಾಡುವುದು ಇದ್ದೇ ಇತ್ತು.

ಕೈ ವಾಚ್‌ನಲ್ಲಿ ಸಮಯ ಹಿಡಿಯುವುದಕ್ಕೂ ನಿಯಮವಿದೆ. ಒಂದು ಲೇನ್‌ಗೆ ಮೂರು ವಾಚ್. ಎರಡು ಒಂದೇ ಸಮಯ ತೋರಿಸಿದರೆ ಅದೇ ಲೆಕ್ಕ. ಮೂರೂ ಬೇರೆ ಬೇರೆಯಾದರೆ ನಡುವಿನದು. ಸರಾಸರಿ ತೆಗೆಯುವ ಹಾಗಿಲ್ಲ. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಪಕ್ಕದವರ ವಾಚ್ ನೋಡಬೇಡಿ, ನಿಮ್ಮದರಲ್ಲಿ ಬಂದದ್ದನ್ನೇ ಬರೆಯಿರಿ.

ಬರೆಯುವ ಕಡೆ ಎಡವಿದರೆ ಏನಾಗುತ್ತದೆ ಅನ್ನುವುದಕ್ಕೆ 1960ರ ರೋಮ್ ಒಲಿಂಪಿಕ್ಸ್ ನೋಡಿ. 100 ಮೀಟರ್ ಫ್ರೀಸ್ಟೈಲ್. ಅಮೆರಿಕದ ಲಾನ್ಸ್ ಲಾರ್ಸನ್ ಅವರ ಲೇನಿನ ಮೂರು ವಾಚ್‌ಗಳಲ್ಲಿ 55.0, 55.1, 55.1. ಆಸ್ಟ್ರೇಲಿಯಾದ ಜಾನ್ ಡೆವಿಟ್ ಅವರದು ಮೂರರಲ್ಲೂ 55.2. ಆದರೆ ಆಗ ಯಾರು ಮೊದಲು ಎಂದು ತೀರ್ಮಾನಿಸುತ್ತಿದ್ದದ್ದು ಕಣ್ಣಲ್ಲಿ ನೋಡುವ ತೀರ್ಪುಗಾರರು. ಅವರಲ್ಲೇ ಒಮ್ಮತ ಇರಲಿಲ್ಲ. ಮುಖ್ಯ ತೀರ್ಪುಗಾರರು ಡೆವಿಟ್‌ಗೆ ಚಿನ್ನ ಕೊಟ್ಟರು. ಲಾರ್ಸನ್ ಸಮಯವನ್ನೂ 55.2 ಎಂದು ದಾಖಲೆಯಲ್ಲಿ ಬದಲಾಯಿಸಿದರು. ಇದನ್ನು ಓದಿದಾಗಲೆಲ್ಲ ನನಗೆ ಈಗಲೂ ಸಂಕಟವಾಗುತ್ತದೆ. ಪದಕದ ಮಾತು ಹಾಗಿರಲಿ, ಈಜಿದ ಸಮಯವನ್ನೇ ಕಿತ್ತುಕೊಂಡರಲ್ಲ! 1968ರ ಮೆಕ್ಸಿಕೊ ಹೊತ್ತಿಗೆ ಒಲಿಂಪಿಕ್ಸ್ ಕೊಳದ ಗೋಡೆಗೆ ಟಚ್ ಪ್ಯಾಡ್, ಅಂದರೆ ಮುಟ್ಟಿದ ಕೂಡಲೇ ಗಡಿಯಾರ ನಿಲ್ಲಿಸುವ ಫಲಕ, ಬಂತು.

ಯಂತ್ರ ಬಂದ ಮೇಲೂ ವಿವೇಕ ಬೇಕಾಯಿತು. 1972ರ ಮ್ಯೂನಿಕ್‌ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಮೆಡ್ಲೆ, ಅಂದರೆ ನಾಲ್ಕೂ ಬಗೆಯ ಈಜು ಸೇರಿದ ಸ್ಪರ್ಧೆ. ಸ್ವೀಡನ್ನಿನ ಗುನ್ನಾರ್ ಲಾರ್ಸನ್, ಅಮೆರಿಕದ ಟಿಮ್ ಮೆಕ್ಕೀ ಇಬ್ಬರದೂ 4 ನಿಮಿಷ 31.98 ಸೆಕೆಂಡ್. ಸಾವಿರದ ಭಾಗ ನೋಡಿ, 0.002 ಸೆಕೆಂಡಿನ ವ್ಯತ್ಯಾಸಕ್ಕೆ ಸ್ವೀಡನ್ನಿಗೆ ಚಿನ್ನ ಕೊಟ್ಟರು. ಆ ವೇಗದಲ್ಲಿ ಅಷ್ಟು ಹೊತ್ತಿಗೆ ಈಜುವ ದೂರ ಸುಮಾರು 3 ಮಿಲಿಮೀಟರ್. 50 ಮೀಟರ್ ಕೊಳದ ಉದ್ದದಲ್ಲಿ ಹಿಂದೆ ನಿಯಮವೇ 3 ಸೆಂಟಿಮೀಟರ್‌ವರೆಗೆ ಹೆಚ್ಚಿರಲು ಬಿಡುತ್ತಿತ್ತು. ಒಂದು ಲೇನ್ ಇನ್ನೊಂದಕ್ಕಿಂತ ಅಷ್ಟು ಉದ್ದ ಇದ್ದರೆ? ಆಮೇಲೆ ನೂರರ ಭಾಗಕ್ಕೇ ನಿಲ್ಲಿಸಿದರು. ಸಮ ಬಂದರೆ ಪದಕವೂ ಸಮ. 2016ರ ರಿಯೋದಲ್ಲಿ 100 ಮೀಟರ್ ಬಟರ್‌ಫ್ಲೈಗೆ ಮೂವರು ಬೆಳ್ಳಿ ಹಂಚಿಕೊಂಡದ್ದು ನೆನಪಿರಬಹುದು. ಅಳೆಯಲು ಆಗದ್ದನ್ನು ಅಳೆದೆವು ಅಂತ ಹೇಳದಿರುವುದು ದೊಡ್ಡ ಗುಣ. ಆಡಳಿತದಲ್ಲಿ ನಾನು ಹೆಚ್ಚು ಗೌರವಿಸುವುದು ಅದನ್ನೇ.

ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಬೆಂಗಳೂರಿನ ಶ್ರೀಹರಿ ನಟರಾಜ್ 2021ರಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಅನ್ನು 53.77 ಸೆಕೆಂಡಿನಲ್ಲಿ ಮುಗಿಸಿದರು. ಒಲಿಂಪಿಕ್ಸ್‌ಗೆ ನೇರವಾಗಿ ಅರ್ಹತೆ ಕೊಡುವ ‘ಎ’ ಗುರಿ 53.85. ಆದರೆ ಅದು ಟೈಮ್ ಟ್ರಯಲ್, ಅಂದರೆ ಸಮಯ ನೋಡಲೆಂದೇ ಈಜಿದ್ದು, ಮಾಮೂಲಿ ಸ್ಪರ್ಧೆ ಅಲ್ಲ. ಅಂತರರಾಷ್ಟ್ರೀಯ ಸಂಸ್ಥೆ ಒಪ್ಪಬೇಕಿತ್ತು. ಭಾರತೀಯ ಈಜು ಫೆಡರೇಷನ್ ಅದನ್ನು ಮುಂದಿಟ್ಟಿತು, ಒಪ್ಪಿಗೆ ಬಂತು, ಹುಡುಗ ಟೋಕಿಯೋಗೆ ಹೋದ. ಈಜಿದ್ದು ಅವನೇ. ಆದರೂ ಆ ಕಾಗದ ಕಳಿಸಿದವರಿಗೆ ಇಲ್ಲಿಂದಲೇ ಒಂದು ನಮಸ್ಕಾರ.

ಅಂತರರಾಷ್ಟ್ರೀಯ ಸಂಸ್ಥೆ ಅಂದರೆ ಹಿಂದಿನ ಫಿನಾ, ಈಗಿನ ವರ್ಲ್ಡ್ ಅಕ್ವಾಟಿಕ್ಸ್. 1908ರಲ್ಲಿ ಲಂಡನ್ನಿನಲ್ಲಿ ಶುರುವಾದಾಗ ಇದ್ದದ್ದು ಎಂಟು ದೇಶ, ಎಲ್ಲವೂ ಯುರೋಪಿನವು. ಆದರೆ 1988ರಿಂದ ಅಧ್ಯಕ್ಷರಾದವರನ್ನು ನೋಡಿ: ಅಲ್ಜೀರಿಯಾದ ಮುಸ್ತಫಾ ಲಾರ್ಫೌಯಿ, ಉರುಗ್ವೆಯ ಹೂಲಿಯೊ ಮಾಗ್ಲಿಯೋನೆ, 2021ರಿಂದ ಕುವೈತ್‌ನ ಹುಸೇನ್ ಅಲ್ ಮುಸಲ್ಲಂ. ಯಾವುದೂ ಈಜಿನಲ್ಲಿ ಪದಕ ಬಾಚುವ ದೇಶ ಅಲ್ಲ. ಹಾಗಾಗಿ "ನಮ್ಮವರು ಮೊದಲು ಪದಕ ಗೆಲ್ಲಲಿ, ಆಮೇಲೆ ಆ ಕುರ್ಚಿಯ ಮಾತು" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆಡಳಿತಕ್ಕೆ ಬರಲು ಬೇರೆಯೇ ದಾರಿ ಇದೆ, ಅದಕ್ಕೂ ಚಿಕ್ಕಂದಿನಿಂದ ತಯಾರಿ ಬೇಕು.

ಒಂದು ಸಲ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಒಂದು ಹುಡುಗಿ ಒಂದೇ ಕೈಯಲ್ಲಿ ಗೋಡೆ ಮುಟ್ಟಿದಳು. ಎರಡೂ ಕೈ ಒಟ್ಟಿಗೆ ಮುಟ್ಟಬೇಕು. ಡಿಸ್‌ಕ್ವಾಲಿಫೈ ಮಾಡಿದೆ. ಅವಳ ಅಪ್ಪ, "ಇಷ್ಟು ಸಣ್ಣದಕ್ಕೆ ಮಗೂನ ಅಳಿಸ್ತೀರಲ್ಲ ಮೇಡಂ" ಅಂದರು. ಅವಳನ್ನು ಗೋಡೆ ಹತ್ತಿರ ಕರೆದುಕೊಂಡು ಹೋಗಿ ಯಾಕೆ ಅಂತ ತೋರಿಸಿದೆ. ಇವತ್ತು ಅವಳೇ ಮಕ್ಕಳಿಗೆ ಕಲಿಸುತ್ತಾಳೆ. ಮೀಟ್ ಇದ್ದರೆ ನನ್ನ ಪಕ್ಕದ ಲೇನ್‌ನಲ್ಲಿ ವಾಚ್ ಹಿಡಿಯುತ್ತಾಳೆ.

ನನಗೆ ಈಗ ಮಂಡ್ಯದ ಕಡೆಯದೇ ಯೋಚನೆ ಜಾಸ್ತಿ. ವಿಶ್ವೇಶ್ವರಯ್ಯ ನಾಲೆ ಬದಿಯ ಊರುಗಳಲ್ಲಿ ನೀರಿಗೆ ಹೆದರದ ಹುಡುಗರು ಎಷ್ಟೋ ಜನ ಇದ್ದಾರೆ. ನಾಲೆ ಅಪಾಯದ ಜಾಗ, ಅಲ್ಲಿ ಈಜಿ ಅಂತ ಯಾರಿಗೂ ಹೇಳಲಾರೆ. ಆದರೆ ಅವರ ಹೆಸರಿನ ಮುಂದೆ ಬರೆಯಲು ಒಂದು ಸಮಯವೇ ಇಲ್ಲ. ಎಂಟ್ರಿ ಫಾರಂನಲ್ಲಿ ಆ ಜಾಗ ಖಾಲಿ ಬಿಟ್ಟರೆ ಎಲ್ಲರಿಗಿಂತ ನಿಧಾನದವರ ಹೀಟ್‌ಗೆ ಬೀಳುತ್ತಾರೆ. ಜೊತೆಗೆ ಓಡಿಸುವ ಪೈಪೋಟಿಯೇ ಸಿಗುವುದಿಲ್ಲ. ಅವರಿಗೆ ಬೇಕಾಗಿರುವುದು ಸರಿಯಾದ ಕೊಳದಲ್ಲಿ ಸಣ್ಣ ಮೀಟ್, ಲೇನ್‌ಗೆ ಮೂರು ವಾಚ್, ಸಹಿ ಹಾಕಿದ ಒಂದು ಹಾಳೆ. ಈ ಬೇಸಿಗೆಯಲ್ಲಿ ಅದನ್ನು ಮಾಡಬೇಕು ಅಂತ ಕೆಲವರು ಸೇರಿದ್ದೇವೆ. ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದ ಕಡೆಯವರು, ಈಜು ಬಾರದಿದ್ದರೂ ಪರವಾಗಿಲ್ಲ, ಒಂದು ಭಾನುವಾರ ಬಿಡುವು ಮಾಡಿಕೊಂಡು ಬನ್ನಿ. ವಾಚ್ ಹಿಡಿಯುವುದು ನಾನೇ ಹೇಳಿಕೊಡುತ್ತೇನೆ.